ಭೂಚಿತ್ರಗಳ ಶೋಧ ಮತ್ತು ವಿತರಣೆ: ಸರ್ಕಾರದ ಹೊಣೆ, ಉದ್ಯಮದ ತಂತ್ರಜ್ಞಾನ

ಉಪಗ್ರಹ, ವಿಮಾನ ಅಥವಾ ಡ್ರೋನಿನಿಂದ ತೆಗೆದ ಚಿತ್ರಕ್ಕೆ ನೆಲದ ಮೇಲಿನ ಅದರ ಸ್ಥಾನವನ್ನು ಕರಾರುವಾಕ್ಕಾಗಿ ಹೊಂದಿಸಿದಾಗ ಅದು ಭೂಪ್ರಾದೇಶಿಕ ಚಿತ್ರವಾಗುತ್ತದೆ. ಅದರಲ್ಲಿ ಕಾಣುವ ತೋಟ, ಮನೆ, ಗುಡ್ಡ ಯಾವುದರದೇ ಆಗಲಿ ಅಕ್ಷಾಂಶ ರೇಖಾಂಶ ಹೇಳಬಹುದು, ವಿಸ್ತೀರ್ಣ ಅಳೆಯಬಹುದು, ಹತ್ತು ವರ್ಷ ಹಿಂದಿನ ಚಿತ್ರದ ಮೇಲೆ ಇಟ್ಟು ಏನು ಬದಲಾಗಿದೆ ಎಂದು ನೋಡಬಹುದು. ಇಂಥ ಚಿತ್ರಗಳಿಗೆ ಇಂದು ಬರವಿಲ್ಲ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಿಂದ ಕುಮಟಾದವರೆಗಿನ ಕರಾವಳಿಯ ಮೇಲೆ ದೇಶ ವಿದೇಶಗಳ ಉಪಗ್ರಹಗಳು ವಾರಕ್ಕೆ ಹಲವು ಸಲ ಹಾದುಹೋಗುತ್ತವೆ. 1970ರ ದಶಕದಿಂದ ಬಂದ ಚಿತ್ರಗಳು ಹತ್ತಾರು ಭಂಡಾರಗಳಲ್ಲಿ ಕೂಡುತ್ತ ಬಂದಿವೆ. ಕೊರತೆ ಇರುವುದು ಬೇಕಾದ ಜಾಗದ, ಬೇಕಾದ ದಿನದ, ಕೆಲಸಕ್ಕೆ ಬರುವ ಚಿತ್ರ ಯಾವುದೆಂದು ಹುಡುಕಿ, ಅದನ್ನು ಬೇಕಾದವರ ಕೈಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದರಲ್ಲಿ.

ಮಾನ್ಯ ಸಭಿಕರೇ, ಈ ಹುಡುಕುವ ಮತ್ತು ಮುಟ್ಟಿಸುವ ಕೆಲಸಕ್ಕಾಗಿ ಸರ್ಕಾರಗಳು ಖಾಸಗಿ ಉದ್ಯಮದ ತಂತ್ರಜ್ಞಾನವನ್ನು ಅರಸುತ್ತಿರುವುದೇ ಇಲ್ಲಿಯ ವಿಷಯ. ಹುಡುಕುವ ಯಂತ್ರವನ್ನು ಮಾರುಕಟ್ಟೆಯಿಂದ ತರಬಹುದು, ತರಲೂ ಬೇಕು. ಆದರೆ ಯಾವ ಚಿತ್ರ ಎಲ್ಲಿದೆ ಎಂಬ ಯಾದಿ ಸಾರ್ವಜನಿಕರ ಸ್ವತ್ತಾಗಿಯೇ ಉಳಿಯಬೇಕು ಎಂಬುದು ಈ ಉಪನ್ಯಾಸದ ವಾದ.

ಭಾರತದಲ್ಲಿ ದೂರಸಂವೇದಿಯ ಸಾಂಸ್ಥಿಕ ಚರಿತ್ರೆ 1974ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಸ್ಥಾಪನೆಯಾದಾಗ ಮೊದಲಾಯಿತು. 1979ರ ಹೊತ್ತಿಗೆ ಶಾದನಗರದ ನೆಲೆಯಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ನೇರವಾಗಿ ಪಡೆಯತೊಡಗಿದ್ದರು. 1988ರ ಮಾರ್ಚ್ 17ರಂದು ಭಾರತದ್ದೇ ಆದ ಐಆರ್‌ಎಸ್-1ಎ ಕಕ್ಷೆ ಸೇರಿತು. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್-1ಸಿ ನೆಲದ ಮೇಲಿನ 5.8 ಮೀಟರ್ ಗಾತ್ರದ ವಿವರವನ್ನು ತೋರುತ್ತಿತ್ತು. ಆ ಕಾಲದ ನಾಗರಿಕ ಉಪಗ್ರಹಗಳಲ್ಲಿ ಅದಕ್ಕಿಂತ ಸೂಕ್ಷ್ಮವಾದದ್ದು ಇರಲಿಲ್ಲ. 2005ರ ಕಾರ್ಟೊಸ್ಯಾಟ್-1 ಇದನ್ನು 2.5 ಮೀಟರಿಗೆ, 2019ರ ಕಾರ್ಟೊಸ್ಯಾಟ್-3 ಕಾಲು ಮೀಟರಿಗೆ ಇಳಿಸಿದವು. ಕಣ್ಣಿನ ತೀಕ್ಷ್ಣತೆ ಹೀಗೆ ಬೆಳೆದಷ್ಟು ವೇಗದಲ್ಲಿ ಹುಡುಕುವ ವ್ಯವಸ್ಥೆ ಬೆಳೆಯಲಿಲ್ಲ. ಬಹುಕಾಲ ಅದು ಉಪಗ್ರಹದ ಪಥದ ಸಂಖ್ಯೆ ಮತ್ತು ಸಾಲಿನ ಸಂಖ್ಯೆಯನ್ನು ನಂಬಿಕೊಂಡಿತ್ತು. ಬೇಕಾದವರು ಸೂಚಿ ನಕಾಶೆಯಲ್ಲಿ ತಮ್ಮ ಊರು ಯಾವ ಚೌಕದಲ್ಲಿ ಬೀಳುತ್ತದೆ ಎಂದು ನೋಡಿ, ಹೈದರಾಬಾದಿಗೆ ಬೇಡಿಕೆ ಬರೆದು, ಟೇಪು ಅಥವಾ ಮುದ್ರಿತ ಪ್ರತಿ ಬರುವವರೆಗೆ ಕಾಯಬೇಕಿತ್ತು. 2009ರ ಆಗಸ್ಟಿನಲ್ಲಿ ಇಸ್ರೊ ತೆರೆದ ‘ಭುವನ್’ ಜಾಲತಾಣ ಮತ್ತು ಆಮೇಲೆ ಬಂದ ‘ಭೂನಿಧಿ’ ಆ ಕಾಯುವಿಕೆಯನ್ನು ಬಹುಮಟ್ಟಿಗೆ ತಪ್ಪಿಸಿವೆ. ಕರ್ನಾಟಕದಲ್ಲಿ 1986ರಲ್ಲಿ ಆರಂಭವಾದ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ‘ಕೆ-ಜಿಐಎಸ್’ ವ್ಯವಸ್ಥೆಯನ್ನೂ ‘ದಿಶಾಂಕ್’ ಆ್ಯಪನ್ನೂ ರೂಪಿಸಿತು. ನಿಂತ ಜಾಗದ ಸರ್ವೆ ನಂಬರನ್ನು ಚಿತ್ರದ ಮೇಲೆಯೇ ತೋರಿಸುವ ದಿಶಾಂಕ್, ಗ್ರಾಮಲೆಕ್ಕಿಗರಿಂದ ಹಿಡಿದು ಜಮೀನು ಕೊಳ್ಳುವವರವರೆಗೆ ಎಲ್ಲರ ಫೋನಿನಲ್ಲೂ ಸೇರಿಕೊಂಡಿದೆ.

ಹುಡುಕುವ ಕೆಲಸ ಮೇಲ್ನೋಟಕ್ಕೆ ಸಲೀಸು: ಊರಿನ ಹೆಸರು ಬರೆದರೆ ಚಿತ್ರ ಬರಬೇಕು. ಈ ಕರಾವಳಿಯಲ್ಲಿ ಆ ಮೊದಲ ಹೆಜ್ಜೆಯೇ ಎಡವುತ್ತದೆ. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದ ಶಿರೂರು ಇರುವುದು ಅಂಕೋಲಾ ತಾಲೂಕಿನಲ್ಲಿ, ಗಂಗಾವಳಿ ನದಿಯ ದಂಡೆಯಲ್ಲಿ. ಭಟ್ಕಳದಿಂದ ತೆಂಕಕ್ಕೆ ಗಡಿ ದಾಟಿದ ಕೂಡಲೇ, ಅದೇ ಹೆದ್ದಾರಿಯ ಮೇಲೆ, ಬೈಂದೂರು ತಾಲೂಕಿನ ಇನ್ನೊಂದು ಶಿರೂರು ಸಿಗುತ್ತದೆ. ಸ್ಥಳೀಯರಿಗೆ ಇದರಲ್ಲಿ ಗೊಂದಲವಿಲ್ಲ. ದೂರದ ಭಂಡಾರದ ಯಂತ್ರಕ್ಕೆ ಇದೆ. ಒಂದೇ ಊರನ್ನು ಮೂರು ಬಗೆಯ ರೋಮನ್ ಕಾಗುಣಿತದಲ್ಲಿ ಬರೆಯುವುದು, ಮಜರೆಗಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲದಿರುವುದು, ಕೊಪ್ಪ ಕೇರಿಗಳು ಜನರ ಬಾಯಲ್ಲಿ ಒಂದು ಹೆಸರು, ದಾಖಲೆಯಲ್ಲಿ ಇನ್ನೊಂದು ಹೆಸರು ಹೊಂದಿರುವುದು ಈ ತೊಡಕನ್ನು ಹೆಚ್ಚಿಸುತ್ತವೆ. ಒಳ್ಳೆಯ ಶೋಧ ವ್ಯವಸ್ಥೆಗೆ ಒಳ್ಳೆಯ ಸ್ಥಳನಾಮ ಕೋಶ ಬೇಕು. ಅದನ್ನು ಹೊರಗಿನ ಯಾವ ಕಂಪನಿಯೂ ತಯಾರು ಮಾಡಿ ತಂದುಕೊಡಲಾರದು. ಗ್ರಾಮ ಪಂಚಾಯಿತಿ ಮತ್ತು ಕಂದಾಯ ಇಲಾಖೆ ಕೂಡಿ ಕಟ್ಟಬೇಕಾದದ್ದು ಅದು.

ಜಾಗ ಗೊತ್ತಾದ ಮೇಲೆ ಮೋಡದ ಪ್ರಶ್ನೆ ಬರುತ್ತದೆ. ಭಂಡಾರಗಳ ಯಾದಿಯಲ್ಲಿ ಪ್ರತಿ ಚಿತ್ರಕ್ಕೂ ಶೇಕಡಾ ಇಷ್ಟು ಮೋಡ ಎಂದು ಬರೆದಿರುತ್ತದೆ. ಆ ಲೆಕ್ಕ ಇಡೀ ಚಿತ್ರದ್ದು. ಯುರೋಪಿನ ಸೆಂಟಿನೆಲ್-2 ಚಿತ್ರದ ಒಂದು ಟೈಲ್ ಸುಮಾರು 110 ಕಿ.ಮೀ. ಉದ್ದ, ಅಷ್ಟೇ ಅಗಲ; ಉತ್ತರ ದಕ್ಷಿಣವಾಗಿ ಸುಮಾರು 50 ಕಿ.ಮೀ. ಅಂತರದಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಅಂಥ ಒಂದು ಟೈಲಿನ ಅಳತೆಯೊಳಗೆ ಅಡಗುತ್ತವೆ. ಅರ್ಧ ಟೈಲ್ ಬರೀ ಸಮುದ್ರವೇ ಆಗಿರುವಲ್ಲಿ, ಕಡಲ ಮೇಲೆ ಬಿಸಿಲಿದ್ದು ಘಟ್ಟದ ಮೇಲೆ ಮೋಡ ಕವಿದಿದ್ದರೆ, ‘ಶೇಕಡಾ 40 ಮೋಡ’ ಎಂಬ ಅಂಕಿಯಿಂದ ಗೇರುಸೊಪ್ಪೆಯ ಕಾಡು ಕಾಣುತ್ತದೋ ಇಲ್ಲವೋ ತಿಳಿಯುವುದಿಲ್ಲ. ಬೇಕಾದ ಹಳ್ಳಿಯ ಮೇಲಷ್ಟೇ ಮೋಡವನ್ನು ಎಣಿಸಿ ಹೇಳುವ ತಂತ್ರಾಂಶ ಬೇಕು, ಮತ್ತು ಅದು ಇಂದು ಮಾರುಕಟ್ಟೆಯಲ್ಲಿ ಸಿಗುತ್ತದೆ.

ಮೋಡಕ್ಕಿಂತಲೂ ಸೂಕ್ಷ್ಮವಾದ ತೊಡಕು ಅಳಿವೆಗಳಲ್ಲಿದೆ. 2024ರ ಜನವರಿಯಲ್ಲಿ ರಾಮ್ಸರ್ ತಾಣವೆಂದು ಘೋಷಣೆಯಾದ ಅಘನಾಶಿನಿ ಅಳಿವೆಯನ್ನು ಇದಕ್ಕೆ ಉದಾಹರಣೆಯಾಗಿ ನೋಡಬಹುದು. ಮಾಣಿಕಟ್ಟಾದ ಗಜನಿ ಎಂಬ ಉಪ್ಪುನೀರಿನ ಗದ್ದೆ, ಸಾಣಿಕಟ್ಟಾದ ಉಪ್ಪಿನ ಆಗರ, ಕಾಂಡ್ಲಾ ಗಿಡಗಳ ದಂಡೆ, ಬಳಚು ಹೆಕ್ಕುವ ಕೆಸರು ದಿಬ್ಬ ಇವೆಲ್ಲ ಅಲ್ಲಿ ಒಂದಕ್ಕೊಂದು ತಾಗಿಕೊಂಡಿವೆ. ಭೂವೀಕ್ಷಣೆಯ ಉಪಗ್ರಹಗಳಲ್ಲಿ ಹೆಚ್ಚಿನವು ಸೂರ್ಯನಿಗೆ ಹೊಂದಿಕೊಂಡ ಕಕ್ಷೆಯಲ್ಲಿ ಸುತ್ತುತ್ತ, ಪ್ರತಿ ಸಲವೂ ಬೆಳಿಗ್ಗೆ 10.30ರ ಆಸುಪಾಸಿನಲ್ಲೇ ಈ ಕರಾವಳಿಯ ಮೇಲೆ ಬರುತ್ತವೆ. ನೆರಳಿನ ದಿಕ್ಕು ಒಂದೇ ತೆರನಾಗಿದ್ದು ಚಿತ್ರಗಳ ಹೋಲಿಕೆ ಸುಲಭವಾಗಲೆಂದು ಈ ಏರ್ಪಾಡು. ಉಬ್ಬರ ಇಳಿತಗಳಾದರೋ ಚಂದ್ರನ ಲೆಕ್ಕದಲ್ಲಿ ನಡೆದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತವೆ. ಆದ್ದರಿಂದ ಒಂದು ದಿನದ 10.30ರ ಚಿತ್ರದಲ್ಲಿ ಉಬ್ಬರದ ನೀರು ಗಜನಿಯ ಒಡ್ಡಿನವರೆಗೆ ತುಂಬಿದ್ದರೆ, ಇನ್ನೊಂದು ದಿನ ಅದೇ ಹೊತ್ತಿಗೆ ಕೆಸರು ದಿಬ್ಬಗಳೆಲ್ಲ ಬಯಲಾಗಿರುತ್ತವೆ. ಇವೆರಡನ್ನು ಪಕ್ಕಪಕ್ಕ ಇಟ್ಟವರಿಗೆ ಅಳಿವೆ ಒತ್ತುವರಿಯಾಗಿದೆ ಎಂದೋ, ಒಡ್ಡು ಒಡೆದು ಹೊಲ ಮುಳುಗಿದೆ ಎಂದೋ ತೋರಬಹುದು. ನಡೆದದ್ದು ಇಳಿತ ಮಾತ್ರ. ಯಾದಿಯಲ್ಲಿ ದಿನಾಂಕವಿದೆ, ಗಂಟೆ ನಿಮಿಷವಿದೆ, ಮೋಡವಿದೆ. ಆ ಗಳಿಗೆಯ ನೀರಿನ ಮಟ್ಟ ಇಲ್ಲ. ಕಾರವಾರದ ಉಬ್ಬರ ಇಳಿತದ ಕೋಷ್ಟಕವನ್ನು ಚಿತ್ರಗಳ ಯಾದಿಗೆ ಜೋಡಿಸಿದರೆ ‘ಇಳಿತದ ಹೊತ್ತಿನ ಚಿತ್ರಗಳು ಮಾತ್ರ ಬೇಕು’ ಎಂದು ಕೇಳಲು ಬರುತ್ತದೆ. ಇದೇನೂ ದೊಡ್ಡ ತಾಂತ್ರಿಕ ಸಾಹಸವಲ್ಲ. ಹೀಗಿದ್ದರೂ ಶರಾವತಿಯ ಬಾಯಿಯಲ್ಲಿ, ಹೊನ್ನಾವರದ ಕಾಸರಕೋಡ ಟೊಂಕದ ಮರಳು ದಿಣ್ಣೆ ಎಷ್ಟು ಸರಿದಿದೆ ಎಂದು ವಾದ ನಡೆಯುವಾಗ, ಯಾವ ಮಟ್ಟದ ನೀರಿನಲ್ಲಿ ತೆಗೆದ ಚಿತ್ರ ಎಂಬುದೇ ನಿರ್ಣಾಯಕ. ಕರಾವಳಿ ನಿಯಂತ್ರಣ ವಲಯದ 1991, 2011 ಮತ್ತು 2019ರ ಅಧಿಸೂಚನೆಗಳೆಲ್ಲ ಉಬ್ಬರದ ಗೆರೆಯಿಂದಲೇ ಅಳತೆ ಆರಂಭಿಸುವುದರಿಂದ, ಮೀನುಗಾರರ ಮನೆಯೊಂದು ನಿಷಿದ್ಧ ವಲಯದ ಒಳಗೋ ಹೊರಗೋ ಎಂಬುದು ಈ ವಿವೇಚನೆಯ ಮೇಲೆ ನಿಂತಿರುತ್ತದೆ.

ಸೂಕ್ಷ್ಮತೆಯ ಅಂಕಿಗಳನ್ನು ಇಲ್ಲಿಯ ಭೂಮಿಯ ಅಳತೆಗೆ ತಂದು ನೋಡುವುದು ಉಪಯುಕ್ತ. ಸೆಂಟಿನೆಲ್-2 ಚಿತ್ರದ ಒಂದು ಬಿಂದು 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಲ್ಯಾಂಡ್‌ಸ್ಯಾಟಿನ 30 ಮೀಟರ್ ಬಿಂದು ಸುಮಾರು 9 ಗುಂಟೆ. ಭಾರತದ ರಿಸೋರ್ಸ್‌ಸ್ಯಾಟಿನ 23.5 ಮೀಟರ್ ಬಿಂದು ಐದೂವರೆ ಗುಂಟೆ. ಅದೇ ಉಪಗ್ರಹದ 5.8 ಮೀಟರ್ ಕ್ಯಾಮೆರಾದ ಬಿಂದು ಗುಂಟೆಯ ಮೂರನೇ ಒಂದು ಭಾಗ. ಹತ್ತು ಗುಂಟೆ ಅಡಿಕೆ ತೋಟದ ಗಡಿಯನ್ನು ಐದೂವರೆ ಗುಂಟೆಯ ಬಿಂದುವಿನಿಂದ ಗುರುತಿಸಹೊರಟರೆ ಗಡಿ ಎಲ್ಲೆಲ್ಲೋ ಹೋಗುತ್ತದೆ. ಕೆಲಸಕ್ಕೆ ತಕ್ಕ ಸೂಕ್ಷ್ಮತೆಯನ್ನು ಸೂಚಿಸುವುದೂ ಶೋಧ ವ್ಯವಸ್ಥೆಯ ಕರ್ತವ್ಯವೇ.

ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳಲ್ಲಿ ಇದು ಬದುಕಿನ ಪ್ರಶ್ನೆಯಾಗುತ್ತದೆ. 2006ರ ಆ ಕಾಯ್ದೆ 2005ರ ಡಿಸೆಂಬರ್ 13ನ್ನು ಗಡಿ ದಿನವಾಗಿ ಇಟ್ಟಿದೆ. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು ಅದಕ್ಕೂ ಹಿಂದಿನ 75 ವರ್ಷಗಳ ವಾಸವನ್ನು ತೋರಿಸಬೇಕು. ಉತ್ತರ ಕನ್ನಡದ ಕರಾವಳಿ ತಾಲೂಕುಗಳಲ್ಲಿ ಕಾಡಿನಂಚಿನಲ್ಲಿ ಸಾಗುವಳಿ ಮಾಡಿಕೊಂಡಿರುವ ಕುಟುಂಬಗಳು ಬಹಳ. ಸಾಕ್ಷ್ಯಗಳ ಸಾಲಿನಲ್ಲಿ ಉಪಗ್ರಹ ಚಿತ್ರವನ್ನೂ ನಿಯಮಗಳು ಹೆಸರಿಸುತ್ತವೆ. ಅದು ಇತರ ಸಾಕ್ಷ್ಯಕ್ಕೆ ಪೂರಕವಾಗಬಹುದೇ ಹೊರತು ಅದರ ಬದಲಿಗೆ ನಿಲ್ಲಲಾರದು ಎಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಈ ಎಚ್ಚರಿಕೆ ಯೋಗ್ಯವಾದದ್ದು. ಮಾವು ಹಲಸಿನ ನೆರಳಿನ ಕೆಳಗಿನ ಹುಲ್ಲು ಮಾಡಿನ ಮನೆ ಯಾವ ಉಪಗ್ರಹಕ್ಕೂ ಕಾಣದಿರಬಹುದು. ಕಾಣಲಿಲ್ಲ ಎಂಬುದು ಇರಲಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಇದರ ಜೊತೆಗೆ ಸಮಾನ ಅವಕಾಶದ ಮಾತೂ ಇದೆ. 2005ರ ಬೇಸಿಗೆಯಲ್ಲಿ ಒಂದು ಹಳ್ಳಿಯ ಮೇಲೆ ಯಾವ ಯಾವ ಚಿತ್ರಗಳು ತೆಗೆಯಲ್ಪಟ್ಟಿವೆ ಎಂಬ ಯಾದಿ ಅರ್ಜಿ ತಿರಸ್ಕರಿಸುವ ಕಚೇರಿಗೆ ಸಿಕ್ಕಿ, ಅರ್ಜಿ ಹಾಕಿದವರಿಗೆ ಸಿಗದೆ ಹೋದರೆ ಚಿತ್ರವೇ ಅನ್ಯಾಯದ ಸಾಧನವಾಗುತ್ತದೆ.

ಇನ್ನು ಮುಟ್ಟಿಸುವ ಕೆಲಸ. ಒಂದು ಸೆಂಟಿನೆಲ್ ಟೈಲನ್ನು ಇಳಿಸಿಕೊಳ್ಳಲು ನೂರಾರು ಮೆಗಾಬೈಟ್ ಬೇಕು. ಸೂಕ್ಷ್ಮ ಚಿತ್ರಗಳಿಗೆ ಇನ್ನೂ ಹೆಚ್ಚು. ತಾಲೂಕು ಕಚೇರಿಯ ಸರ್ವೇಯರ್‌ಗೆ ಬೇಕಾದದ್ದು ಅದರಲ್ಲಿ ನಾಲ್ಕಾರು ಸರ್ವೆ ನಂಬರುಗಳ ತುಣುಕು. ಕಳೆದ ದಶಕದಲ್ಲಿ ರೂಢಿಗೆ ಬಂದ ಒಂದು ಕಡತ ವಿನ್ಯಾಸ ಇದಕ್ಕೆ ಪರಿಹಾರ ಒದಗಿಸಿದೆ. ಅದರಲ್ಲಿ ಚಿತ್ರವನ್ನು ಚಿಕ್ಕ ಚೌಕಗಳಾಗಿ ಒಡೆದು, ಯಾವ ಚೌಕ ಕಡತದ ಎಷ್ಟನೇ ಬೈಟಿನಲ್ಲಿದೆ ಎಂಬುದನ್ನು ಕಡತದ ಮೊದಲಿಗೇ ಬರೆದಿಡುತ್ತಾರೆ. ಕೇಳುವ ತಂತ್ರಾಂಶ ಮೊದಲು ಆ ಸೂಚಿಯನ್ನು ಓದಿ, ಬೇಕಾದ ಚೌಕಗಳನ್ನಷ್ಟೇ ತರಿಸಿಕೊಳ್ಳುತ್ತದೆ. ಇದರ ಜೊತೆಗೇ, 2017ರಿಂದ ಹಲವು ಸಂಸ್ಥೆಗಳು ಸೇರಿ ‘ಸ್ಟ್ಯಾಕ್’ ಎಂಬ ಮುಕ್ತ ಮಾನಕವನ್ನು ಬೆಳೆಸಿವೆ. ಜಾಗ, ಕಾಲ, ಮೋಡ, ಸೂಕ್ಷ್ಮತೆ, ಕಡತದ ವಿಳಾಸ ಇವನ್ನು ಎಲ್ಲ ಭಂಡಾರಗಳೂ ಒಂದೇ ಧಾಟಿಯಲ್ಲಿ ಬರೆದಿಟ್ಟರೆ ಒಂದೇ ಪ್ರಶ್ನೆಯಿಂದ ಎಲ್ಲವನ್ನೂ ಶೋಧಿಸಬಹುದು. ಎರಡರ ಹಿಂದೆಯೂ ಸರ್ಕಾರಿ ಸಂಸ್ಥೆಗಳೂ ಖಾಸಗಿ ಎಂಜಿನಿಯರ್‌ಗಳೂ ಇದ್ದಾರೆ, ಎರಡಕ್ಕೂ ಒಡೆಯರಿಲ್ಲ. ಈ ಕ್ಷೇತ್ರದ ಅತ್ಯಂತ ಶುಭಕರ ಬೆಳವಣಿಗೆ ಇದೇ.

ಉದ್ಯಮದ ತಂತ್ರಜ್ಞಾನವನ್ನು ಸರ್ಕಾರ ಅರಸಿದ ಪ್ರಸಿದ್ಧ ಪ್ರಸಂಗ ಅಮೆರಿಕದ್ದು. 1996ರಲ್ಲಿ ಅಲ್ಲಿ ಚಿತ್ರ ಮತ್ತು ನಕಾಶೆಗಳ ಕೆಲಸವನ್ನು ಒಂದೇ ರಾಷ್ಟ್ರೀಯ ಸಂಸ್ಥೆಯಡಿ ತಂದರು. 1999ರಲ್ಲಿ ಹಾರಿದ ಇಕೊನಾಸ್ ಒಂದು ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ವಾಣಿಜ್ಯವಾಗಿ ಮಾರತೊಡಗಿತು; 2003ರಿಂದ ಆ ಸಂಸ್ಥೆ ಖಾಸಗಿ ಉಪಗ್ರಹ ಕಂಪನಿಗಳೊಂದಿಗೆ ದೊಡ್ಡ ಒಪ್ಪಂದಗಳನ್ನು ಮಾಡಿಕೊಂಡಿತು. ಅದೇ ವರ್ಷ ಸರ್ಕಾರದ ಬೆಂಬಲದ ಹೂಡಿಕೆ ಸಂಸ್ಥೆಯೊಂದು ಕೀಹೋಲ್ ಎಂಬ ಚಿಕ್ಕ ಕಂಪನಿಗೆ ಬಂಡವಾಳ ಕೊಟ್ಟಿತು. ಭೂಗೋಲದ ಮೇಲೆ ಚಿತ್ರಗಳನ್ನು ತೇಲುವಂತೆ ತೋರಿಸಿ, ನೋಡುವವರು ಇಳಿದಂತೆಲ್ಲ ಸೂಕ್ಷ್ಮ ಚಿತ್ರವನ್ನು ಹನಿಹನಿಯಾಗಿ ತರಿಸುವ ತಂತ್ರಾಂಶ ಅದರದ್ದು. 2004ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡಿತು. 2005ರಲ್ಲಿ ಅದೇ ಗೂಗಲ್ ಅರ್ಥ್ ಆಗಿ ಬಂತು. ಒಂದು ಇಲಾಖೆಯ ಅಗತ್ಯ ಹೀಗೆ ಲೋಕದ ಸೌಕರ್ಯವಾಯಿತು. ಅದರೊಂದಿಗೆ ಯಾವ ದಿನಾಂಕದ ಚಿತ್ರ ತೋರಿಸಬೇಕು, ಯಾವುದನ್ನು ತೆಗೆಯಬೇಕು ಎಂಬ ನಿರ್ಧಾರ ಒಂದು ಕಂಪನಿಯ ಕೈಗೆ ಹೋಯಿತೆಂಬುದನ್ನೂ ಸೇರಿಸಿಯೇ ಹೇಳಬೇಕು.

ಯುರೋಪು ಬೇರೆ ಹಾದಿ ಹಿಡಿದಿದೆ. ಅಲ್ಲಿ ಕೊಪರ್ನಿಕಸ್ ಯೋಜನೆಯ ಚಿತ್ರಗಳನ್ನು ವಿತರಿಸುವ ವ್ಯವಸ್ಥೆಯನ್ನು 2023ರಿಂದ ಖಾಸಗಿ ಕಂಪನಿಗಳ ಕೂಟ ನಡೆಸುತ್ತಿದೆ. ಚಿತ್ರಗಳು ಮಾತ್ರ ಜಗತ್ತಿನ ಯಾರಿಗೇ ಆದರೂ ಉಚಿತ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳೂ 2008ರಿಂದ ಉಚಿತ. ಅದರ ಫಲ ಈ ಜಿಲ್ಲೆಗೂ ಮುಟ್ಟಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು 1973ರಷ್ಟು ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಆರಂಭಿಸಿ ಉತ್ತರ ಕನ್ನಡದ ಕಾಡಿನ ಬದಲಾವಣೆಯನ್ನು ದಾಖಲಿಸಿದ್ದಾರೆ. 1973ರಲ್ಲಿ ಆ ಚಿತ್ರ ತೆಗೆದವರು ಯಾರೂ ಕುಮಟಾದ ಕಾಡನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ. ನಾಲ್ಕು ದಶಕದ ಮೇಲೆ ಅದು ಸಿಕ್ಕಿದ್ದು ಯಾದಿ ಸರಿಯಾಗಿ ಉಳಿದಿದ್ದರಿಂದ.

ಭಾರತದ ನೀತಿ ನಿಧಾನವಾಗಿ, ಆದರೆ ಒಂದೇ ದಿಕ್ಕಿನಲ್ಲಿ ಸಾಗಿದೆ. 2001ರ ದೂರಸಂವೇದಿ ದತ್ತಾಂಶ ನೀತಿ 5.8 ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳಿಗೆ ಕಟ್ಟು ಹಾಕಿತ್ತು. 2011ರ ನೀತಿ ಆ ಗಡಿಯನ್ನು ಒಂದು ಮೀಟರಿಗೆ ತಂದಿತು. 2021ರ ಫೆಬ್ರುವರಿ 15ರ ಮಾರ್ಗಸೂಚಿಗಳು ನಕಾಶೆ ತಯಾರಿಕೆಗೆ ಬೇಕಿದ್ದ ಪೂರ್ವಾನುಮತಿಗಳ ಸರಮಾಲೆಯನ್ನೇ ಕಿತ್ತುಹಾಕಿದವು. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಭೂಪ್ರಾದೇಶಿಕ ನೀತಿ ಬಂತು. 2023ರ ಭಾರತೀಯ ಬಾಹ್ಯಾಕಾಶ ನೀತಿಯ ಪ್ರಕಾರ ಸರ್ಕಾರಿ ಉಪಗ್ರಹಗಳ 5 ಮೀಟರ್ ಮತ್ತು ಅದಕ್ಕಿಂತ ಒರಟಾದ ಚಿತ್ರಗಳು ಎಲ್ಲರಿಗೂ ಮುಕ್ತ. ಅದಕ್ಕಿಂತ ಸೂಕ್ಷ್ಮವಾದವು ಸರ್ಕಾರಿ ಸಂಸ್ಥೆಗಳಿಗೆ ಉಚಿತ, ಉಳಿದವರಿಗೆ ನ್ಯಾಯಬೆಲೆಗೆ. 2025ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಇನ್-ಸ್ಪೇಸ್ ಸಂಸ್ಥೆ ಬೆಂಗಳೂರಿನ ಪಿಕ್ಸೆಲ್ ಕಂಪನಿ ಮುಂದಾಳಾಗಿರುವ, ಸ್ಯಾಟ್‌ಶೂರ್, ಧ್ರುವ ಸ್ಪೇಸ್, ಪಿಯರ್‌ಸೈಟ್ ಸೇರಿದ ಕೂಟವನ್ನು ಆಯ್ದುಕೊಂಡಿತು. ಈ ಕೂಟ 1,200 ಕೋಟಿ ರೂಪಾಯಿಗೂ ಮೀರಿದ ಹೂಡಿಕೆಯಲ್ಲಿ 12 ಉಪಗ್ರಹಗಳನ್ನು ಕಟ್ಟಿ ನಡೆಸಬೇಕಾಗಿದೆ. ಚಿತ್ರ ತೆಗೆಯುವ ಕಾರ್ಯವೂ ಹೀಗೆ ಉದ್ಯಮದ ಕೈ ಸೇರುತ್ತಿರುವಾಗ, ತೆಗೆದ ಚಿತ್ರದ ಯಾದಿ ಯಾರದು ಎಂಬ ಪ್ರಶ್ನೆಯನ್ನು ಮುಂದೂಡುವಂತಿಲ್ಲ.

ಮಳೆಗಾಲದ ಅನಾಹುತಗಳು ಈ ಪ್ರಶ್ನೆಯ ತೂಕವನ್ನು ತೋರಿಸುತ್ತವೆ. 2022ರ ಆಗಸ್ಟ್ ಮೊದಲ ವಾರ ಭಟ್ಕಳದಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ಪೇಟೆ ಮುಳುಗಿತು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಮಾನ್ಯ ಕ್ಯಾಮೆರಾದ ಉಪಗ್ರಹಗಳಿಗೆ ಈ ನೆಲ ಕಾಣುವುದೇ ಅಪರೂಪ. ಮೋಡ ಭೇದಿಸಿ ನೋಡುವ ರೇಡಾರ್ ಉಪಗ್ರಹಗಳು ಇವೆ: 2022ರ ಇಒಎಸ್-04, ಯುರೋಪಿನ ಸೆಂಟಿನೆಲ್-1, 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ, ಇಸ್ರೊ ಮತ್ತು ನಾಸಾ ಕೂಡಿ ನಿರ್ಮಿಸಿದ ನಿಸಾರ್. ರೇಡಾರ್ ಓರೆಯಾಗಿ ನೋಡುವುದರಿಂದ ಘಟ್ಟದ ಕಡಿದಾದ ಇಳಿಜಾರುಗಳ ಒಂದು ಮಗ್ಗುಲು ಒಂದರ ಮೇಲೊಂದು ಮಡಿಚಿದಂತಾಗಿ ಮರೆಯಾಗುತ್ತದೆ. ಯಾವ ಗುಡ್ಡಕ್ಕೆ ಯಾವ ದಿಕ್ಕಿನ ಹಾದುಹೋಗುವಿಕೆ ತಕ್ಕದ್ದು ಎಂಬುದನ್ನು ಮಳೆ ಬರುವ ಮುಂಚೆಯೇ ಲೆಕ್ಕಹಾಕಿ ಇಡಬಹುದು. ದೊಡ್ಡ ವಿಪತ್ತುಗಳಲ್ಲಿ ದೇಶಗಳು ಚಿತ್ರಗಳನ್ನು ಹಂಚಿಕೊಳ್ಳುವ ಅಂತರರಾಷ್ಟ್ರೀಯ ಸನ್ನದಿಗೆ ಇಸ್ರೊ 2001ರಲ್ಲೇ ಸೇರಿದೆ. ಹೊರಗಿನಿಂದ ಚಿತ್ರ ಬರುವ ದಾರಿ ಹೀಗೆ ತೆರೆದೇ ಇದೆ. ಜಿಲ್ಲಾಡಳಿತದ ಮೇಜಿನವರೆಗಿನ ಕೊನೆಯ ಮಜಲು ದುರ್ಬಲವಾಗಿರುತ್ತದೆ.

ಹೀಗಿರುವಾಗ ಸರ್ಕಾರ ಕರೆಯುವ ಟೆಂಡರಿನಲ್ಲಿ ಏನಿರಬೇಕು ಎಂಬುದೇ ಉಳಿದ ವಿಷಯ. ಕರ್ನಾಟಕದಲ್ಲಿ ಸರ್ಕಾರಿ ಖರೀದಿಯೆಲ್ಲ 1999ರ ಪಾರದರ್ಶಕತೆ ಅಧಿನಿಯಮದಡಿ ನಡೆಯುತ್ತದೆ, ಕಡಿಮೆ ದರ ಹೇಳಿದವರಿಗೆ ಕೆಲಸ ಕೊಡುವುದು ವಾಡಿಕೆ. ರಸ್ತೆಗೆ, ಪೀಠೋಪಕರಣಕ್ಕೆ ಹೊಂದುವ ಈ ಕ್ರಮ ಶೋಧ ತಂತ್ರಾಂಶಕ್ಕೆ ಹೊಂದುವುದಿಲ್ಲ. ಎರಡು ತಂತ್ರಾಂಶಗಳು ಕಾಗದದ ಮೇಲೆ ಒಂದೇ ಬಗೆಯ ಗುಣ ಹೇಳಿಕೊಂಡು, ಒಂದು ಬೇಕಾದ ಚಿತ್ರವನ್ನು ತಂದು, ಇನ್ನೊಂದು ಮೋಡ ತುಂಬಿದ ಮುನ್ನೂರು ಚಿತ್ರ ತಂದು ಸುರಿಯಬಹುದು. ದರಕ್ಕೆ ಮುಂಚೆ ಗುಣವನ್ನು ಪರೀಕ್ಷಿಸಬೇಕು. ಯಾದಿ ಮುಕ್ತ ಮಾನಕದಲ್ಲೇ ಇರಬೇಕು, ಅದನ್ನು ಯಾರಾದರೂ ನೋಡುವಂತಿರಬೇಕು. ಭದ್ರತೆಯ ಕಾರಣಕ್ಕೆ ಚಿತ್ರವನ್ನು ತಡೆದರೂ ‘ಅಂಥ ಚಿತ್ರವಿದೆ’ ಎಂಬ ಸಾಲನ್ನು ಅಳಿಸಬಾರದು. ಕರಾರು ಮುಗಿದ ದಿನ ಯಾದಿ, ಸ್ಥಳನಾಮ ಕೋಶ, ಸಂಸ್ಕರಿಸಿದ ಚಿತ್ರಗಳು ಎಲ್ಲವೂ ಶುಲ್ಕವಿಲ್ಲದೆ ಸರ್ಕಾರಕ್ಕೆ ಮರಳಬೇಕು, ಇಲ್ಲವಾದರೆ ಮುಂದಿನ ಟೆಂಡರಿನಲ್ಲಿ ಹಳೆಯ ಗುತ್ತಿಗೆದಾರರ ಹೊರತು ಬೇರೆ ಯಾರೂ ನಿಲ್ಲಲಾರರು. ಶೋಧ ಕನ್ನಡದಲ್ಲಿ, ಸರ್ವೆ ನಂಬರಿನಿಂದ, ಮಜರೆಯ ಹೆಸರಿನಿಂದ ನಡೆಯಬೇಕು. ತಂತ್ರಾಂಶವನ್ನು ಒಪ್ಪಿಕೊಳ್ಳುವ ಪರೀಕ್ಷೆಯನ್ನು ಬೆಂಗಳೂರಿನ ಕಚೇರಿಯಲ್ಲಿ ಮಾಡಿ ಮುಗಿಸದೆ, ಜುಲೈ ತಿಂಗಳಲ್ಲಿ, ಭಟ್ಕಳ ಅಥವಾ ಕುಮಟಾದ ತಾಲೂಕು ಕಚೇರಿಯಲ್ಲಿ, ಅಲ್ಲಿಯದೇ ಕಂಪ್ಯೂಟರ್, ಅಲ್ಲಿಯದೇ ಇಂಟರ್ನೆಟ್ ಸಂಪರ್ಕ ಬಳಸಿ, ಅಲ್ಲಿಯ ಸಿಬ್ಬಂದಿಯ ಕೈಯಿಂದಲೇ ಮಾಡಿಸಬೇಕು; ಹಣದ ಕೊನೆಯ ಕಂತು ಆ ಪರೀಕ್ಷೆ ತೇರ್ಗಡೆಯಾದ ಮೇಲೆ ಬಿಡುಗಡೆಯಾಗಬೇಕು.